ಗಿಲಕಿಯ ಹಳದಿ

ಹಾರೋಹಳ್ಳಿ ಕಡೆ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದ ವರ್ಷಗಳವು. ನಾನು ಚನ್ನಪಟ್ಟಣದ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದೆ. ಬೊಂಬೆ ಕೆಲಸ ಕಲಿತಿದ್ದ ಹುಡುಗರೆಲ್ಲ ಬೆಳಗಿನ ಬಸ್ಸು ಹಿಡಿಯತೊಡಗಿದ್ದರು. ನಮ್ಮ ಬೀದಿ ಕೊನೆಯ ಬೊಂಬೆ ಭಾಯಿ ಮಾತ್ರ ಮರ ಕಡೆಯುವ ಲೇತು ಬಿಟ್ಟು ಏಳಲಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅವರು ತಿರುಗುವ ಮರಕ್ಕೆ ಒತ್ತಿದರೆ ಅದು ಬಿಸಿಗೆ ಕರಗಿ ಮರದ ಮೈಗೆ ಹತ್ತಿಕೊಳ್ಳುತ್ತಿತ್ತು. ಮೇಲೆ ತಾಳೆಗರಿ ಹಿಡಿದು ಉಜ್ಜಿದರೆ ಮುಖ ಕಾಣುವಷ್ಟು ಹೊಳಪು.

ಅವರ ಮನೆಯಲ್ಲಿ ಮಗುವಿನ ಕೈಗೆ ಮೊದಲ ಗಿಲಕಿ ಅಜ್ಜನ ಲೇತಿನಿಂದಲೇ ಬರಬೇಕು. ಬಾಣಂತನಕ್ಕೆ ಬಂದ ಮಗಳು ಇನ್ನೂ ತವರಲ್ಲೇ ಇದ್ದಳು. ಮೊಮ್ಮಗಳಿಗೆ ಹಲ್ಲು ಮೂಡುವ ಕಾಲ, ಸಿಕ್ಕಿದ್ದೆಲ್ಲ ಬಾಯಿಗೆ. ಭಾಯಿ ಹಳದಿ ಗಿಲಕಿಯೊಂದನ್ನು ಮಾಡಿ ಮುಗಿಸಿದ್ದರು. ಅಷ್ಟರಲ್ಲಿ ಬೊಂಬೆ ಕೊಳ್ಳಲು ಬಂದ ವ್ಯಾಪಾರಿಯೊಬ್ಬ, ಡಬ್ಬಿಯ ಹಳದಿ ಬಣ್ಣದಲ್ಲಿ ಸೀಸ ಇರುತ್ತದಂತೆ, ಮಕ್ಕಳ ಹೊಟ್ಟೆಗೆ ಹೋದರೆ ಬುದ್ಧಿ ಮಂಕಾಗುತ್ತದಂತೆ ಎಂದು ಹೇಳಿ ಹೋಗಿದ್ದ.

ಒಂದು ಶನಿವಾರ ಪ್ರಾಕ್ಟಿಕಲ್ ಮುಗಿದ ಮೇಲೆ ಭಾಯಿ ಲ್ಯಾಬಿಗೆ ಬಂದು, ಆ ಡಬ್ಬಿಯ ಬಣ್ಣದ ಪುಡಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟರು.

“ಐತೋ ಇಲ್ವೋ, ಅಷ್ಟ್ ಹೇಳ್ಬುಡಿ ಮೇಷ್ಟ್ರೇ. ಮಗಾ ಅಳ್ತಾ ಐತೆ, ಗಿಲಕಿ ಗೂಡ್ನಾಗೆ ಕುಂತೈತೆ.”

ಪುಡಿಯನ್ನು ವಾಷಿಂಗ್ ಸೋಡಾ ಕದಡಿದ ನೀರಿನಲ್ಲಿ ಚೆನ್ನಾಗಿ ಕುದಿಸಿ ಸೋಸಿದೆ. ಹಳದಿಯೆಲ್ಲ ನೀರಿನ ಜೊತೆ ಇಳಿದುಹೋಗಿ ಸೋಸುವ ಕಾಗದದ ಮೇಲೆ ಬಿಳಿ ಗಷ್ಟು ಉಳಿಯಿತು. ಭಾಯಿ ನೆಮ್ಮದಿಯ ಉಸಿರು ಬಿಟ್ಟರು. ಬಣ್ಣವೇ ಹೋದ ಮೇಲೆ ಇನ್ನೇನಿದೆ ಎಂದು ಅವರ ಲೆಕ್ಕ. ಸೀಸ ಇದ್ದರೆ ಅಡಗಿ ಕೂರುವುದು ಈ ಬಿಳಿಯಲ್ಲೇ ಎಂದು ಹೇಳಿ, ಅದನ್ನು ತೊಳೆದು, ಆಮ್ಲದಲ್ಲಿ ಕರಗಿಸಿ, ಪೊಟ್ಯಾಸಿಯಂ ಅಯೊಡೈಡಿನ ಹನಿ ಬಿಟ್ಟೆ. ನೀರಿನಂತಿದ್ದದ್ದು ಒಡೆದ ಹಾಲಿನ ಹಾಗೆ ಗಟ್ಟಿ ಹಳದಿಯಾಯಿತು.

ನನಗೆ ಉತ್ತರ ಅಲ್ಲಿಗೇ ಸಿಕ್ಕಿತ್ತು. ಆದರೂ ಖಾತ್ರಿಗೆಂದು ನೀರು ಸೇರಿಸಿ ಕಾಯಿಸಿದೆ. ಹಳದಿ ಮಾಯವಾಯಿತು. ಆಮೇಲೆ ಟೆಸ್ಟ್‌ಟ್ಯೂಬನ್ನು ತಣ್ಣೀರಿನಲ್ಲಿ ಅದ್ದಿ ಹಿಡಿದೆ. ಚಿನ್ನದ ರೇಕನ್ನು ಪುಡಿಮಾಡಿ ಉದುರಿಸಿದ ಹಾಗೆ, ತಿಳಿನೀರಿನೊಳಗೆ ಮಿನುಗುವ ಚೂರುಗಳು ಹುಟ್ಟಿ ಹುಟ್ಟಿ ಕೆಳಗಿಳಿದವು.

ಬಗ್ಗಿ ನೋಡುತ್ತಿದ್ದ ಭಾಯಿ ಬಗ್ಗಿಯೇ ಇದ್ದರು.

“ಈ ಬಣ್ಣ ಎಲ್ ಸಿಕ್ತದೆ ಮೇಷ್ಟ್ರೇ? ಒಸಿ ಅರಗ್ಗೆ ಹಾಕ್ಬುಟ್ರೆ ನನ್ ಬೊಂಬೆ ಮುಂದೆ ಇನ್ಯಾರ್ದೂ ನಿಲ್ಲಾಕಿಲ್ಲ.”

“ಇದೇ ಸೀಸ ಭಾಯಿ,” ಎಂದೆ.

ಅವರು ಟ್ಯೂಬನ್ನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಒಮ್ಮೆ ಅಲುಗಾಡಿಸಿದರು. ಚಿನ್ನ ಮತ್ತೆ ಮೇಲೆದ್ದು ಮತ್ತೆ ಇಳಿಯಿತು. ಇಷ್ಟು ಚೆಂದ ಇದೆಯಲ್ಲ ಎಂದು ದೂರು ಹೇಳುವ ದನಿಯಲ್ಲಿ ಅಂದು, ಅದನ್ನು ಸ್ಟ್ಯಾಂಡಿನಲ್ಲಿಟ್ಟರು. ಅವರಪ್ಪ ಹಾಕುತ್ತಿದ್ದದ್ದು ಅರಿಶಿನವಂತೆ. ಅದು ಬಿಸಿಲಿಗೆ ಪೇಲವವಾಗುತ್ತದೆಂದು ಡಬ್ಬಿಯ ಬಣ್ಣ ತಂದವರು ಇವರೇ.

ಕೆಲವು ದಿನ ಬಿಟ್ಟು ಅವರು ಅಂಗಡಿಯ ಅರಿಶಿನದ ಪುಡಿಯನ್ನೇ ಕಟ್ಟಿಕೊಂಡು ಬಂದರು. ಅರಿಶಿನಕ್ಕೂ ಪರೀಕ್ಷೆಯೇ ಎಂದು ನಗಲು ಹೋದವನು ತಡೆದು, ಸೋಡಾ ಕೈಗೆತ್ತಿಕೊಂಡೆ. ಬಣ್ಣ ಏರಲೆಂದು ಅರಿಶಿನಕ್ಕೂ ಆ ಸೀಸದ ಹಳದಿ ಪುಡಿ ಬೆರೆಸುವವರಿದ್ದಾರೆ. ಸೋಡಾದಲ್ಲಿ ಕುದಿಸಿದೊಡನೆ ಅದು ಕಡುಗೆಂಪಾಯಿತು. ಭಾಯಿಯ ಮುಖ ಇಳಿದುಹೋಯಿತು. ಹೆದರಬೇಡಿ, ನಮ್ಮಜ್ಜಿ ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ನೀರನ್ನು ಹೀಗೇ ಕೆಂಪು ಮಾಡುತ್ತಿದ್ದಳು ಎಂದು ಸಮಾಧಾನ ಹೇಳಿದೆ. ಸೋಸಿದ್ದು, ತೊಳೆದದ್ದು, ಆಮ್ಲ, ಅಯೊಡೈಡು ಎಲ್ಲ ಮೊದಲಿನಂತೆಯೇ. ಕಾಯಿಸಿ ತಣ್ಣೀರಿಗೆ ಹಿಡಿದೆ. ತೆಳು ಹಳದಿಯ ನೀರು ತಿಳಿಯಾಗಿಯೇ ನಿಂತಿತು.

“ಚಿನ್ನ ಬರ್ಲಿಲ್ಲ, ಅಲ್ವಾ?”

“ಇಲ್ಲ ಭಾಯಿ.”

“ಒಸಿ ಹೊತ್ತು ನೋಡಣ ಇರಿ.”

ಇಬ್ಬರೂ ನೋಡುತ್ತ ನಿಂತೆವು. ಏನೂ ಬರಲಿಲ್ಲ. ಆಗ ಅವರು ಜುಬ್ಬಾದ ಜೇಬಿನಿಂದ ಆ ಅರಿಶಿನದಲ್ಲೇ ಮಾಡಿ ಮುಗಿಸಿದ್ದ ಹೊಸ ಗಿಲಕಿ ತೆಗೆದರು. ಹಳದಿ ಸ್ವಲ್ಪ ಮಾಸಲು. ಲ್ಯಾಬಿನೊಳಗೇ ಒಮ್ಮೆ ಗಲಗಲ ಆಡಿಸಿ, ಮಗು ಎದ್ದಿರುತ್ತದೆ ಎಂದು ಹೇಳಿ ಬಿರಬಿರನೆ ಮನೆಯ ದಾರಿ ಹಿಡಿದರು.