ಕಂಬಿ ಹಿಡಿಯದೆ ಔಲಿ ಇಳಿದವಳು

ಹಿಮದ ಮೇಲೆ ಜಾರುವವರ ಕೈಯಲ್ಲಿರುವ ಎರಡು ಕೋಲುಗಳೇ ಬ್ರೇಕು ಎಂದು ನಾನು ಬಹಳ ದಿನ ನಂಬಿದ್ದೆ. ಸುಮ್ಮನೆ ನಂಬಿದ್ದರೆ ಅಡ್ಡಿಯಿರಲಿಲ್ಲ. ಎಡಗೋಲು ಹಿಂದಿನ ಬ್ರೇಕು, ಬಲಗೋಲು ಮುಂದಿನದು ಎಂದು ಸಕ್ಕರೆ ಕಾರ್ಖಾನೆಯ ನಮ್ಮ ಆಫೀಸಿನಲ್ಲಿ ಪಾಠವನ್ನೂ ಹೇಳಿದ್ದೆ. ಈ ಜ್ಞಾನವನ್ನು ನೆಚ್ಚಿಯೇ ನಮ್ಮ ದೊಡ್ಡವ್ವ ಅನಸವ್ವ, ಎಲ್ಲಿಗೆ ಹೋಗಿ ಜಾರಬೇಕೆಂದು ಆರಿಸಲು ನನ್ನನ್ನು ಕರೆದಳು.

ದೊಡ್ಡವ್ವ ಜಮಖಂಡಿ ಡಿಪೋದಲ್ಲಿ ಕಂಡಕ್ಟರ್. ವಯಸ್ಸು ನಲವತ್ತೇಳು. ಇಪ್ಪತ್ತು ವರ್ಷದಿಂದ ಬೀಳಗಿ ಬಸ್ಸಿನಲ್ಲಿ ಒಂದು ಕೈಯಲ್ಲಿ ಟಿಕೆಟ್ ಮಷೀನು, ಇನ್ನೊಂದರಲ್ಲಿ ಚಿಲ್ಲರೆ. ಕಂಬಿ ಹಿಡಿಯಲು ಮೂರನೆಯ ಕೈಯಿಲ್ಲ. ಮೊಣಕಾಲು ತುಸು ಮಡಿಸಿ ನಿಂತಳೆಂದರೆ ಎಂಥ ತಿರುವಿಗೂ ಅಲುಗುವುದಿಲ್ಲ. ಯಾರೋ ಪ್ರಯಾಣಿಕನ ಮೊಬೈಲಿನಲ್ಲಿ ಹಿಮದ ಮೇಲೆ ಜಾರುವವನನ್ನು ಕಂಡಾಗ ಅವನ ಕಾಲನ್ನಷ್ಟೇ ನೋಡಿದಳಂತೆ.

"ನಾ ದಿನಾ ನಿಂತಂಗ ನಿಂತಾನ. ಅಂವಗ ಬರೂದು ನನಗ್ಯಾಕ ಬರಬಾರದು?"

ಸಿಕ್ಕ ರಜೆ ಹದಿನೈದು ದಿನ. ಅಷ್ಟರೊಳಗೆ ಒಂದು ಇಳಿಜಾರನ್ನಾದರೂ ಬೀಳದೆ ಇಳಿಯಬೇಕು, ಆಸೆ ಅಷ್ಟೇ. ಅವಳ ಬಸ್ಸಿನ ಡ್ರೈವರ್ ಈರಪ್ಪ, "ಕಾಲ ಮುರಕೊಂಡ ಬರಬ್ಯಾಡ ಮತ್ತ, ಹೊಸಾ ಕಂಡಕ್ಟರ್‌ಗ ನನ್ನ ಸಿಟ್ಟು ತಿಳಿಯೂದಿಲ್ಲ" ಎಂದಿದ್ದ.

ನಾನು ಗುಲ್ಮಾರ್ಗ್ ಎಂದೆ. ಫೋಟೊ ಚೆನ್ನಾಗಿ ಬರುತ್ತದೆ. ಇಲ್ಲವೇ ಮನಾಲಿ. ದೊಡ್ಡವ್ವ ಫೋನು ಕಸಿದುಕೊಂಡು, ಬಸ್ಸಿನಲ್ಲೇ ಕಲಿತ ಹಿಂದಿಯಲ್ಲಿ ಜಾರುವುದನ್ನು ಕಲಿಸುವ ಸಿಕ್ಕಸಿಕ್ಕವರಿಗೆಲ್ಲ ಒಂದೇ ಪ್ರಶ್ನೆ ಕೇಳಿದಳು: ದಿನಕ್ಕೆ ನಾನು ಎಷ್ಟು ಸಲ ಇಳಿಯುತ್ತೇನೆ? ಒಬ್ಬ ರೂಮಿನ ಹೀಟರನ್ನು ವರ್ಣಿಸಿದ. ಇನ್ನೊಬ್ಬ, ಜಾರುವ ವಿಡಿಯೊ ಮಾಡಿಕೊಡುತ್ತೇವೆ ಎಂದ. ಉತ್ತರಾಖಂಡದ ಔಲಿಯಲ್ಲಿ ಕಲಿಸುವವನೊಬ್ಬ ಮಾತ್ರ, "ಎಷ್ಟು ಸಲ ನಡೆದು ಹತ್ತುತ್ತೀರೋ ಅಷ್ಟು ಸಲ. ಮೊದಲ ಮೂರು ದಿನ ಲಿಫ್ಟ್ ಇಲ್ಲ" ಎಂದು ಬೇಸರದಿಂದ ಹೇಳಿದ.

"ಇದು ಛಲೋ."

"ದೊಡ್ಡವ್ವಾ, ರೊಕ್ಕಾ ಕೊಟ್ಟು ಗುಡ್ಡಾ ಹತ್ತೂದಾ?"

"ಮತ್ತ? ಇಳಿಯೂದೇನು ಪುಕ್ಕಟ ಬರತೈತೇನಲೇ ಗೌರೀಶ?"

ಜೊತೆಗೆ ಹೋದ ನಾನು ಔಲಿಯಲ್ಲಿ ಮೊದಲ ದಿನವೇ ಎರಡೂ ಬ್ರೇಕು ಒಟ್ಟಿಗೆ ಒತ್ತಿದೆ. ಕೋಲುಗಳು ಅಲ್ಲೇ ಉಳಿದವು, ನಾನು ಮುಂದೆ ಹೋದೆ. ವಿಚಿತ್ರವೆಂದರೆ ದೊಡ್ಡವ್ವನೂ ಬಿದ್ದಳು. ನಾಲ್ಕು ದಿನ, ಪ್ರತಿ ತಿರುವಿನಲ್ಲಿ, ಒಂದೇ ರೀತಿ. ಕಲಿಸುವವನು ಮುಂದಕ್ಕೆ ಬಾಗಿ ಎಂದು ಕೂಗಿದಷ್ಟೂ ಅವಳ ಮೈ ಹಿಂದಕ್ಕೆ ಜಗ್ಗುತ್ತಿತ್ತು. ಐದನೆಯ ದಿನ ಹಿಮದಲ್ಲಿ ಕೂತವಳು ಏಳಲೇ ಇಲ್ಲ. ಸೋತಳೆಂದುಕೊಂಡು ನಾನು ಕುಂಟುತ್ತ ಹತ್ತಿರ ಹೋದೆ.

"ಬಸ್ಸಿನ್ಯಾಗ ಈರಪ್ಪ ತಿರುವ್ತಾನ, ನಾ ತಡೀತೇನಿ," ಎಂದಳು. "ಇಲ್ಲಿ ತಿರುವಾಕಿನೂ ನಾನ. ತಡದರ ಬೀಳೂದ."

ಎದ್ದು ಮತ್ತೆ ಹತ್ತಿದಳು. ಮೇಲಿನಿಂದ "ರೈಟ್" ಎಂದದ್ದು ನನಗೆ ಕೇಳಿಸಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಕೋಲುಗಳನ್ನು ಕಂಕುಳಲ್ಲಿ ಟಿಕೆಟ್ ಬ್ಯಾಗಿನಂತೆ ಇರುಕಿಕೊಂಡು, ಇಡೀ ಇಳಿಜಾರನ್ನು ಇಳಿದು, ಕೆಳಗೆ ನೆಟ್ಟಗೆ ನಿಂತಳು. ಕಲಿಸುವವನು ಚಪ್ಪಾಳೆ ತಟ್ಟುವಷ್ಟರಲ್ಲಿ ಮತ್ತೆ ಹತ್ತತೊಡಗಿದ್ದಳು. ಅಂದು ಹನ್ನೊಂದು ಸಲ ಇಳಿದಳು, ಒಮ್ಮೆಯೂ ಬೀಳದೆ.

ಡಿಪೋಗೆ ಮರಳಿದಾಗ ಈರಪ್ಪ ಅವಳ ಕಾಲು ಪರೀಕ್ಷಿಸಿ, ಹಣೆಯ ವಿಭೂತಿ ಸರಿಮಾಡಿಕೊಂಡು, ಹತ್ತು ಜನರ ಮುಂದೆ ಕೇಳಿದ: "ಅಷ್ಟ ದೂರ ಹೋದಾಕಿ ಕೇದಾರನಾಥಗ ಕೈ ಮುಗದ ಬಂದಿಯೋ ಇಲ್ಲೋ, ಅನಸಕ್ಕಾ?"

ನಾವು ಹೋಗಿರಲಿಲ್ಲ. ನಾನು ಮಂಜು, ರಸ್ತೆ ಎಂದು ಏನೋ ತೊದಲತೊಡಗಿದೆ.

"ಚಳಿಗಾಲದಾಗ ಆ ಗುಡಿ ಮುಚ್ಚಿರತೈತಿ," ಎಂದಳು ದೊಡ್ಡವ್ವ. "ತಗದಿದ್ರೂ ಹೋಗ್ತಿರಲಿಲ್ಲ. ನಾ ಜಾರಾಕ ಹೋಗಿದ್ನಿ."