ಮೇಲಿನ ಮಹಡಿಯ ಹೊತ್ತು

ಮಲಾಡಿನಲ್ಲಿ, ಸಮುದ್ರದ ಬದಿಗೆ ಕಟ್ಟುತ್ತಿದ್ದ ನಲವತ್ತು ಮಹಡಿಯ ಬಿಲ್ಡಿಂಗಿಗೆ ನಾನು ಸೂಪರ್‌ವೈಸರ್, ಅವನು ವಿಜಯಪುರದಿಂದ ಬಂದ ಗಾರೆ ಕೆಲಸದ ಗೌಂಡಿ. ಸಂಜೆಯಾದರೆ ಮೇಲಿನ ಮಹಡಿಯಲ್ಲಿ ನಿಂತು, ಕೆಳಗೆ ಮರಳು ಹೊರುತ್ತಿದ್ದ ಹೆಂಡತಿಗೆ ಫೋನು ಮಾಡುತ್ತಿದ್ದ.

"ಹೊತ್ತ ಮುಳುಗಿತೇನ?"

"ಈಗ ಮುಳುಗಿತ್ರಿ."

"ಇಲ್ಲಿನ್ನೂ ಐತಿ," ಎಂದು ನಗುತ್ತಿದ್ದ. ಮುಖದ ತುಂಬ ಕೆಂಪು ಬಿಸಿಲಿರುತ್ತಿತ್ತು.

"ಹಳೇ ಕಾಲದಾಗ ಆಕಾಶದ ಲೆಕ್ಕ ಹಾಕೋರೂ ಹಿಂಗ ಗುಡ್ಡ ಹತ್ತಿ ನೋಡಿ, ಭೂಮಿ ಗುಂಡಗ ಅದ ಅಂದಿದ್ರಂತ," ಎಂದೆ ಒಮ್ಮೆ. ಅವನು ಗಾರೆ ಸವರುವಂತೆ ಅಂಗೈಯನ್ನು ಸಮುದ್ರದ ಅಂಚಿನುದ್ದಕ್ಕೂ ಗಾಳಿಯಲ್ಲಿ ಆಡಿಸಿದ. "ಹೌದ್ರಿ ಸಾಹೇಬ್ರ, ಬಾಗೇತಿ."

ಕೆಲಸದ ಕೊನೆಯ ಸಂಜೆ ಹೆಂಡತಿಯನ್ನೂ ಮೇಲೆ ಕರೆತಂದ. ಕೆಳಗೆ ಆಗಲೇ ನೆರಳು ಕವಿದಿತ್ತು, ಅವಳ ಮುಖದ ಮೇಲೆ ಬಿಸಿಲಿತ್ತು. ಮುಳುಗುತ್ತಿದ್ದ ಸೂರ್ಯನಿಂದ ಕಣ್ಣು ಕೀಳದೆ ನೋಡುತ್ತಲೇ ಅವನನ್ನು ಕೇಳಿದಳು:

"ಇಷ್ಟ ದಿನ ನನ್ನ ಪಾಲಿಂದೂ ನೀವ ನೋಡೀರೇನ್ರಿ?"