ಕೊರತೆ ಇಲ್ಲದ ಅರ್ಜಿ

ಮಧುಗಿರಿಯ ಉಪವಿಭಾಗದ ಕಚೇರಿಯ ಮುಂದೆ ನರಸಪ್ಪನವರಷ್ಟು ಚೆನ್ನಾಗಿ ಅಳುವವರು ಇನ್ನೊಬ್ಬರಿರಲಿಲ್ಲ. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನಂತೂ ನೋಡಿಲ್ಲ. ಅವರು ಅಳುತ್ತಿದ್ದುದು ಟೈಪ್‌ರೈಟರಿನಲ್ಲಿ, ಎರಡೇ ಎರಡು ಬೆರಳುಗಳಿಂದ. ಹೊಂಗೆ ಮರದ ಕೆಳಗೆ ಒಂದು ಮೇಜು, ಒಂದು ಮಡಚುವ ಕುರ್ಚಿ, ಅರ್ಜಿ ಬರೆಸಲು ಬಂದವರಿಗೆ ಎದುರಿಗೊಂದು ಕಲ್ಲುಚಪ್ಪಡಿ. ಬೆಳಿಗ್ಗೆ ಹತ್ತಕ್ಕೆ ಕೂತರೆ ಸಂಜೆ ಐದರೊಳಗೆ ಏನಿಲ್ಲವೆಂದರೂ ಹತ್ತು ಸಂಸಾರಗಳನ್ನು ಬೀದಿಪಾಲು ಮಾಡಿ ಏಳುತ್ತಿದ್ದರು, ಕಾಗದದ ಮೇಲೆ.

ಶಿರಾ, ಕೊರಟಗೆರೆ, ಪಾವಗಡದವರೂ ದೊಡ್ಡ ಕಚೇರಿಗೆಂದು ನಮ್ಮೂರಿಗೇ ಬರಬೇಕಿತ್ತಲ್ಲ, ಬಂದವರು ಮೊದಲು ಹೊಂಗೆ ಮರದ ಕೆಳಗೆ ಕೂರುತ್ತಿದ್ದರು. ಪಾವಗಡದವರು ತೆಲುಗಿನಲ್ಲಿ ಹೇಳಿಕೊಳ್ಳುವರು, ಶಿರಾದ ಸಾಬರು ಉರ್ದು ಬೆರೆಸಿ ಹೇಳಿಕೊಳ್ಳುವರು. ನರಸಪ್ಪನವರು ಯಾರಿಗೂ ಭೇದ ಮಾಡದೆ ಎಲ್ಲರನ್ನೂ ಇಂಗ್ಲಿಷಿನಲ್ಲಿ ಉಪವಾಸ ಕೆಡವುತ್ತಿದ್ದರು. ಅವರದು ಪುರವರದ ಕಡೆಯ ಕುರಿ ಸಾಕುವ ಮನೆತನ. ಆ ಮನೆಯಲ್ಲಿ ಹೈಸ್ಕೂಲು ಮುಗಿಸಿದವರು ಅವರೊಬ್ಬರೇ. ತಮ್ಮಂದಿರು ಕುರಿಯ ಹಿಂದೆ ಹೋದರು, ಇವರು ಅರ್ಜಿಯ ಹಿಂದೆ ಬಂದರು. "ಕುರಿ ಕಾಯಾದೇ ವಾಸಿ ಕಣಮ್ಮ. ಹೊಟ್ಟೆ ತುಂಬುದ್ರೆ ಸುಮ್ಕೆ ಮನೀಕತವೆ, ತುಂಬಿಲ್ಲ ಅಂತ ಬರ್ಕೊಡು ಅನ್ನಾಕಿಲ್ಲ" ಎನ್ನುತ್ತಿದ್ದರು.

ನಮ್ಮ ಮನೆ ಕಚೇರಿಯ ಹಿಂದಿನ ಬೀದಿಯಲ್ಲೇ ಇತ್ತು. ಅಪ್ಪ ಪ್ರೈಮರಿ ಶಾಲೆಯ ಹೆಡ್‌ಮಾಸ್ತರು. ಆ ಭಾರದ ಮೆಷಿನ್ನನ್ನು ದಿನಾ ಹೊತ್ತು ತಿರುಗಲಾರದೆ ನರಸಪ್ಪನವರು ಸಂಜೆ ಅದನ್ನು ನಮ್ಮ ಪಡಸಾಲೆಯಲ್ಲಿಟ್ಟು ಹೋಗುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ನಾನು ಅದರ ಮೇಲೆ ಕೈಯಾಡಿಸುವುದನ್ನು ಒಂದು ದಿನ ಕಂಡರು. ಬೈಯುತ್ತಾರೆಂದು ಎದ್ದು ನಿಂತೆ. "ಎಲ್ಡು ಬೆಳ್ಳಲ್ಲಿ ಕುಟ್ಟಬ್ಯಾಡ, ನನ್ನಂಗೆ ಆಗ್ಬುಡ್ತೀಯ. ಹತ್ತೂ ಬೆಳ್ಳು ಕಲ್ತ್ಕ" ಎಂದು ತುಮಕೂರಿನಿಂದ ಟೈಪಿಂಗ್ ಪುಸ್ತಕ ತರಿಸಿಕೊಟ್ಟರು. ಎರಡು ತಿಂಗಳಲ್ಲಿ ನಾನು ಅವರಿಗಿಂತ ವೇಗವಾಗಿ ಹೊಡೆಯತೊಡಗಿದೆ. ಆಮೇಲೆ ಉದ್ದನೆಯ ಅರ್ಜಿಗಳನ್ನೆಲ್ಲ ಅವರು ಹೇಳುವುದು, ನಾನು ಹೊಡೆಯುವುದು ಎಂದಾಯಿತು. ಹೀಗೆ ನಾನು ಟೈಪಿಂಗ್ ಕಲಿತೆ; ಜೊತೆಗೆ, ಯಾರೂ ಕಲಿಸದೆ, ಅಳುವುದನ್ನೂ ಕಲಿತೆ.

ಅರ್ಜಿಯ ವಿಷಯದಲ್ಲಿ ಅವರದು ಖಚಿತವಾದ ಅಭಿಪ್ರಾಯ. "ಸಾಹೇಬ್ರು ಓದಾದು ಮೂರು ಸಾಲು. ಮೊದಲ್ನೇದ್ರಲ್ಲಿ ಕೈ ಮುಗೀಬೇಕು, ಎರಡ್ನೇದ್ರಲ್ಲಿ ಹೊಟ್ಟೆ ತೋರುಸ್ಬೇಕು, ಮೂರ್ನೇದ್ರಲ್ಲಿ ಕಾಲಿಗೆ ಬೀಳ್ಬೇಕು. ಗೋಳೇ ಇಲ್ದೆ ಬರುದ್ರೆ ಅದು ಅರ್ಜಿ ಅಲ್ಲ ಕಣಮ್ಮ, ಲಗ್ನಪತ್ರಿಕೆ." ಒಮ್ಮೆ ನಲವತ್ತು ಎಕರೆ ಜಮೀನಿನ ಗೌಡರೊಬ್ಬರು ಬಂದೂಕಿನ ಲೈಸೆನ್ಸಿಗೆ ಅರ್ಜಿ ಬರೆಸಿದರು. ಕಾಡುಹಂದಿಗಳು ಬೆಳೆಯನ್ನೆಲ್ಲ ತಿಂದುಹಾಕಿ ಅರ್ಜಿದಾರನೂ ಅವನ ಮಕ್ಕಳೂ ಮೂರು ದಿನದಿಂದ ಗಂಜಿ ಕಂಡಿಲ್ಲವೆಂದು ನರಸಪ್ಪನವರು ಹೇಳಿದರು, ನಾನು ಹೊಡೆದೆ. ಗೌಡರು ತಮ್ಮ ಡೊಳ್ಳುಹೊಟ್ಟೆ ಹೊತ್ತುಕೊಂಡು ಸಾಹೇಬರ ಮುಂದೆ ನಿಂತರು. ಗಂಜಿಗಿಲ್ಲದವನು ಬಂದೂಕು ಹೇಗೆ ಕೊಳ್ಳುತ್ತೀಯಪ್ಪ ಎಂದು ಸಾಹೇಬರು ಕೇಳಿದರಂತೆ. ಗೌಡರು ಬಂದು ರೇಗಾಡಿದರು. ನರಸಪ್ಪನವರು ತಲೆಯೆತ್ತದೆ, "ಲೈಸೆನ್ಸು ಕೊಟ್ರಾ ಇಲ್ವಾ ಗೌಡ್ರೇ?" ಎಂದರು. ಕೊಟ್ಟಿದ್ದರು. ಅಲ್ಲಿಗೆ ಮಾತು ಮುಗಿಯಿತು.

ನಾನು ಬಿ.ಎಸ್ಸಿ. ಮುಗಿಸಿ ಕೊರಟಗೆರೆಯ ಹೈಸ್ಕೂಲೊಂದರಲ್ಲಿ ಮೂರು ವರ್ಷ ವಿಜ್ಞಾನ ಕಲಿಸಿದೆ. ಆಮೇಲೆ ಮದುವೆಯಾಯಿತು. ನನ್ನ ಗಂಡ ಶಿರಾ ಹತ್ತಿರದ ತಾವರೆಕೆರೆಯವರು, ಕಡಲೆಕಾಯಿಗೆ ಬರುವ ರೋಗದ ಮೇಲೆ ಸಂಶೋಧನೆ ಮಾಡುತ್ತಿದ್ದರು. ಹುಟ್ಟಿದಾಗಿನಿಂದ ಕಡಲೆಕಾಯಿ ಹೊಲದಲ್ಲೇ ಬೆಳೆದವರು ಅದಕ್ಕೆ ಏನಾಗಿದೆ ಎಂದು ತಿಳಿಯಲು ಅಮೆರಿಕಕ್ಕೆ ಹೋಗಬೇಕಾಯಿತು. ಅಲ್ಲಿನ ವಿಶ್ವವಿದ್ಯಾಲಯವೊಂದು ಕರೆದಿತ್ತು. ನಾನು ಹೋದದ್ದು ಹೆಂಡತಿಯಾಗಿ. ಹಾಗೆಂದು ಪಾಸ್‌ಪೋರ್ಟಿನಲ್ಲೇ ಮೊಹರು ಒತ್ತಿದ್ದರು. ಹೆಂಡತಿಯಾಗಿರುವುದನ್ನು ಬಿಟ್ಟು ಬೇರೆ ಯಾವ ಕೆಲಸ ಮಾಡಬೇಕಾದರೂ ಸರ್ಕಾರದ ಅಪ್ಪಣೆ ಬೇಕಿತ್ತು.

ಬೆಳಿಗ್ಗೆ ಅವರು ಹೋದ ಮೇಲೆ ಎರಡು ತಟ್ಟೆ, ಎರಡು ಲೋಟ ತೊಳೆದರೆ ನನ್ನ ದಿನ ಮುಗಿಯುತ್ತಿತ್ತು. ಆಮೇಲೆ ಕಿಟಕಿ. ಆರು ತಿಂಗಳಾಗುವಷ್ಟರಲ್ಲಿ ಗೋಡೆಗೆ ಪಾಠ ಹೇಳತೊಡಗಿದೆ. ಗೋಡೆ ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ನಗುವ ಮಾತಲ್ಲ, ನನಗೆ ನಿಜವಾಗಿ ಹೆದರಿಕೆಯಾಯಿತು: ಹೀಗೇ ಇನ್ನೆರಡು ವರ್ಷ ಕಳೆದರೆ ಊರಿಗೆ ವಾಪಸು ಹೋಗುವುದು ನಾನಲ್ಲ, ನನ್ನ ಸೀರೆಗಳು ಮಾತ್ರ ಎನಿಸುತ್ತಿತ್ತು. ಆಗ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಪುಸ್ತಕಗಳ ಪಟ್ಟಿಯ ಕಾರ್ಡು ಟೈಪ್ ಮಾಡಲು ಜನ ಬೇಕೆಂದು ತಿಳಿಯಿತು. ಹೋಗಿ ಹೊಡೆದು ತೋರಿಸಿದೆ. ಅಲ್ಲಿದ್ದ ಹೆಂಗಸು ನನ್ನ ಬೆರಳುಗಳನ್ನು ನೋಡಿ, ಅಪ್ಪಣೆ ಸಿಕ್ಕ ದಿನವೇ ಬಂದು ಕೂತುಕೋ, ಮೂರು ತಿಂಗಳು ಜಾಗ ಇಟ್ಟಿರುತ್ತೇನೆ ಎಂದಳು.

ವಲಸೆ ಕಚೇರಿಗೆ ಅರ್ಜಿ ಹಾಕಬೇಕಿತ್ತು. ಅರ್ಜಿ! ನನಗೆ ಹೇಳಿಕೊಡುವವರು ಯಾರು? ಗಂಡನಿಗೂ ತೋರಿಸದೆ ಒಂದೇ ಮಧ್ಯಾಹ್ನದಲ್ಲಿ ಬರೆದೆ. ಮೊದಲ ಸಾಲಿನಲ್ಲಿ ಕೈ ಮುಗಿದೆ. ಎರಡನೆಯದರಲ್ಲಿ, ಗಂಡನಿಗೆ ಬರುವ ಸಂಬಳ ಎರಡು ಹೊತ್ತಿನ ಊಟಕ್ಕೂ ಸಾಲದೆ ತಬ್ಬಲಿಗಳಂತೆ ದಿನ ದೂಡುತ್ತಿದ್ದೇವೆ ಎಂದೆ. ಮೂರನೆಯದರಲ್ಲಿ ಕಾಲಿಗೆ ಬಿದ್ದೆ. ನರಸಪ್ಪನವರು ಓದಿದ್ದರೆ ಬೆನ್ನು ತಟ್ಟುತ್ತಿದ್ದರು.

ಮೂರು ವಾರಕ್ಕೆ ಉತ್ತರ ಬಂತು. ನನ್ನಂಥವರಿಗೆ ಅಲ್ಲಿ ಇದ್ದ ಕಾನೂನೇ ಬೇರೆ. ಹೆಂಡತಿ ಕೆಲಸ ಮಾಡಬಹುದು, ಆದರೆ ಅವಳ ಸಂಪಾದನೆ ಗಂಡನ ಹೊಟ್ಟೆಪಾಡಿಗೆ ಬೇಕಾಗಿರಬಾರದು. ಬೇಕಾಗಿದೆಯೆಂದು ನಾನೇ ಬರೆದುಕೊಟ್ಟಿದ್ದರಿಂದ ಅಪ್ಪಣೆ ಇಲ್ಲ. ಅಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಜೀವನಕ್ಕೇ ಗತಿಯಿಲ್ಲದಿದ್ದರೆ ನೀವಿಬ್ಬರೂ ಈ ದೇಶದಲ್ಲಿ ಹೇಗಿರುತ್ತೀರಿ, ಎರಡು ತಿಂಗಳಲ್ಲಿ ವಿವರಣೆ ಕೊಡಿ ಎಂದೂ ಇತ್ತು.

ನನ್ನ ಗಂಡ ಕಾಗದವನ್ನು ಎರಡು ಸಲ ಓದಿದರು. "ಎರಡು ಹೊತ್ತು ಊಟಕ್ಕಿಲ್ಲ ಅಂತ ಬರೆದ್ಯಾ?"

"ಅರ್ಜೀಲಿ ಹಂಗೇ ಬರೆಯೋದು" ಎಂದೆ.

"ನಾನು ಬೆಳಿಗ್ಗೆ ಐದು ದೋಸೆ ತಿಂದು ಹೋಗಿದ್ದೆ ಕಣೇ" ಎಂದರು. ಅದಕ್ಕಿಂತ ಹೆಚ್ಚು ಬೈಯಲು ಅವರಿಗೆ ಬರುತ್ತಿರಲಿಲ್ಲ.

ವಿಶ್ವವಿದ್ಯಾಲಯದ ಆಫೀಸಿನವರು ಒಂದು ದಾರಿ ಹೇಳಿದರು. ನಮಗೆ ಸಂಬಳವೂ ಸಾಕು, ಊರಿನಲ್ಲಿ ಆಸರೆಯೂ ಇದೆ ಎಂದು ಮನೆಯ ಹಿರಿಯರೊಬ್ಬರು ಬರೆದು ಸಹಿ ಮಾಡಿ ಕಳಿಸಿದರೆ ಅರ್ಜಿಯನ್ನು ಮತ್ತೊಮ್ಮೆ ನೋಡುತ್ತಾರೆ. ಹಳೆಯ ಅರ್ಜಿಯ ನಕಲನ್ನೂ ಉತ್ತರವನ್ನೂ ಲಕೋಟೆಗೆ ಹಾಕಿ ಅಪ್ಪನಿಗೆ ಕಳಿಸಿದೆ. ಅಪ್ಪ ಅದನ್ನು ಹಿಡಿದುಕೊಂಡು ಸೀದಾ ಹೊಂಗೆ ಮರದ ಕೆಳಗೆ ಹೋದರು. ಮುಂದೆ ನಡೆದದ್ದನ್ನೆಲ್ಲ ನನಗೆ ಅಪ್ಪನೇ ಹೇಳಿದ್ದು.

ನರಸಪ್ಪನವರು ಮೊದಲು ನನ್ನ ಅರ್ಜಿಯನ್ನು ಓದಿ, "ಭೇಷ್! ಇಂಗಿರ್ಬೇಕು. ಇದ್ಕೂ ಆಗಾಕಿಲ್ಲ ಅಂದ್ರಾ? ಅವ್ರೇನು ಕಲ್ಲಲ್ಲಿ ಮಾಡಿದ್ದೋರಾ ಮೇಷ್ಟ್ರೇ?" ಎಂದರಂತೆ. ಅಪ್ಪ ಕಾನೂನು ವಿವರಿಸಿದರು. ನರಸಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅಂದ್ರೆ, ಹಸ್ದೋರಿಗೆ ಇಲ್ಲ, ಹೊಟ್ಟೆ ತುಂಬ್ದೋರಿಗೆ ಕೊಡ್ತಾರೆ. ಅದೆಂಥಾ ದೇಸ!"

ಕಾಗದ ಸೇರಿಸಿ ಹೊಡೆಯಲು ಕೂತರು. 'ಕಡುಬಡವನಾದ ನಾನು' ಎಂದು ಬೆರಳುಗಳು ತಾವಾಗಿಯೇ ಹೊಡೆದವು. ಹರಿದು ಇನ್ನೊಂದು ಹಾಳೆ ಹಾಕಿದರು. ಅದರಲ್ಲಿ ಅಪ್ಪ ಕಾಯಿಲೆಯವರಾದರು. ಮೂರನೆಯದನ್ನೂ ಹರಿದು, "ಇದು ಕೂತ್ಕಂಡು ಬರಿಯಾದಲ್ಲ ಮೇಷ್ಟ್ರೇ, ನೋಡಿ ಬರೀಬೇಕು. ಇಲ್ದಿರಾದು ನಂಗೆ ಬಾಯಿಪಾಠ, ಇರಾದು ಬರಾಕಿಲ್ಲ" ಎಂದು ಎದ್ದು ನಮ್ಮ ಮನೆಗೇ ಬಂದರು.

ಅಲ್ಲಿ ಅಮ್ಮ ಇದ್ದಳು. ಮನೆಯಲ್ಲಿ ಏನೇನಿದೆ ಹೇಳಮ್ಮ, ಬರೆದುಕೊಳ್ಳುತ್ತೇನೆ ಎಂದರೆ ಯಾವ ಹೆಂಗಸು ಹೇಳುತ್ತಾಳೆ? ಅಮ್ಮ ಕಾಫಿ ಕೊಟ್ಟು, "ಏನೈತೆ ನರಸಪ್ಪನೋರೆ, ನಾಕು ಗೋಡೆ ಅವೆ" ಎಂದಳು.

"ತೋಟ ಐತಲ್ಲಮ್ಮ?"

"ಐತೆ, ಒಣಗ್ಕಂಡು ನಿಂತೈತೆ."

"ಎಮ್ಮೆ?"

"ಅದೂ ಒಂದು ಎಮ್ಮೆಯಾ? ಬರೀಬ್ಯಾಡಿ, ಕಣ್ಣು ಬೀಳ್ತದೆ."

"ಅಮೇರಿಕದೋರ ಕಣ್ಣು ಇಲ್ಲೀಗಂಟ ಬೀಳಾಕಿಲ್ಲ ಕಣಮ್ಮ."

"ಇಲ್ಲಿನ ಕಾಗ್ದ ಅಲ್ಲೀಗಂಟ ಹೋಗಾದ್ರೆ, ಅಲ್ಲಿನ ಕಣ್ಣು ಇಲ್ಲೀಗಂಟ ಬರಾಕಿಲ್ವಾ?"

ಮೂವತ್ತು ವರ್ಷ ಅರ್ಜಿ ಬರೆದವರು ಇನ್ನೊಂದು ಲೋಟ ಕಾಫಿ ಕೇಳಿದರು. ಕೊನೆಗೆ ಒಂದು ಒಪ್ಪಂದವಾಯಿತು. ಇರುವುದನ್ನೆಲ್ಲ ಬರೆಯಲು ಅಮ್ಮ ಒಪ್ಪಿದಳು. ಬರೆದಾದ ಮೇಲೆ ಕಾಗದದ ಮೂಲೆಯಲ್ಲಿ ತನ್ನ ಕೈಯಾರೆ ಕಾಡಿಗೆಯ ಬೊಟ್ಟು ಇಟ್ಟಳು.

ಆ ಕಾಗದ ನನ್ನ ಕೈಗೆ ಬಂದಾಗ ಬೊಟ್ಟು ಹಾಗೇ ಇತ್ತು. ಒಂದು ಮನೆ, ತೋಟ, ಇಬ್ಬರು ಗಂಡುಮಕ್ಕಳಿಗೆ ನೌಕರಿ, ಅಪ್ಪನಿಗೆ ಪಿಂಚಣಿ ಬರುವ ಕೆಲಸ, ದಿನಕ್ಕೆ ಎರಡು ಸಲ ಹಾಲು ಕೊಡುವ ಎಮ್ಮೆ. ಮಗಳಿಗೂ ಅಳಿಯನಿಗೂ ಯಾವುದಕ್ಕೂ ಕೊರತೆಯಿಲ್ಲವೆಂದು ಅಪ್ಪನ ಸಹಿ. ಅದರ ಕೆಳಗೆ, ನಮ್ಮ ಕಡೆ ಪತ್ರ ಬರೆದವರು ಬಿಕ್ಕಲಂ ಎಂದು ಸಹಿ ಹಾಕುತ್ತಾರಲ್ಲ, ಆ ಜಾಗದಲ್ಲಿ ನರಸಪ್ಪನವರು ಬರೀ ಸಹಿ ಹಾಕಿ ಬಿಟ್ಟಿರಲಿಲ್ಲ. ಅವರ ಇಂಗ್ಲಿಷಿನ ನಾಲ್ಕು ಸಾಲನ್ನು ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ: 'ಈ ಹುಡುಗಿಗೆ ಟೈಪಿಂಗ್ ಕಲಿಸಿದವನು ನಾನು. ಈಕೆಗೆ ಹಣ ಬೇಕಾಗಿಲ್ಲ, ಕೆಲಸ ಬೇಕಾಗಿದೆ. ಇವೆರಡೂ ಬೇರೆ ಬೇರೆ ಎಂದು ತಿಳಿಯಲು ನನಗೆ ಮೂವತ್ತು ವರ್ಷ ಹಿಡಿಯಿತು. ತಮಗೆ ಅಷ್ಟು ಕಾಲ ಹಿಡಿಯಲಾರದೆಂದು ನಂಬಿದ್ದೇನೆ.' ಓದಿ ನಾನು ಕೂತಲ್ಲೇ ಅತ್ತೆ. ಗಂಡ ಗಾಬರಿಯಾಗಿ ಊರಲ್ಲಿ ಯಾರು ಹೋದರು ಎಂದು ಕೇಳಿದರು.

ಅಪ್ಪಣೆ ಬಂತು. ಲೈಬ್ರರಿಯ ಹೆಂಗಸು ಮಾತು ಉಳಿಸಿಕೊಂಡಿದ್ದಳು. ಒಂದೂವರೆ ವರ್ಷ ನಾನು ಅಲ್ಲಿ ಹತ್ತೂ ಬೆರಳಿನಿಂದ ಕೆಲಸ ಮಾಡಿದೆ. ಗೋಡೆಯ ಜೊತೆಗಿನ ಮಾತು ನಿಂತುಹೋಯಿತು.

ಇತ್ತ ಆ ಕಾಗದ ನರಸಪ್ಪನವರ ಕಸುಬನ್ನು ಕೆಡಿಸಿತು. ಅರ್ಜಿ ಬರೆಸಲು ಬಂದವರನ್ನು ಅವರು, "ನಿಂಗೆ ನಿಜವಾಗ್ಲೂ ಏನು ಬೇಕಾಗೈತಪ್ಪ?" ಎಂದು ಕೇಳತೊಡಗಿದರಂತೆ. ಬಸ್ಸಿಗೆ ಹೊತ್ತಾದವರಿಗೆ ಇಂಥ ಪ್ರಶ್ನೆ ಯಾಕೆ ಬೇಕು? ಆ ಪಕ್ಕದ ಮರದ ಕೆಳಗೆ ಕೂತ ಹೊಸ ಟೈಪಿಸ್ಟು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಜನ ಅತ್ತ ಹೋದರು. ನಾವು ವಾಪಸು ಬರುವ ಹೊತ್ತಿಗೆ ನರಸಪ್ಪನವರು ಎದೆನೋವು ಎಂದು ಪುರವರದ ಮನೆ ಸೇರಿ ಮಲಗಿದ್ದರು.

ನೋಡಲು ಹೋದೆ. ಹಟ್ಟಿಯ ಪಕ್ಕದ ಜಗುಲಿಯಲ್ಲಿ ಕಂಬಳಿ ಹಾಸಿಕೊಂಡು ಮಲಗಿದ್ದರು, ಅರ್ಧಕ್ಕರ್ಧ ಇಳಿದುಹೋಗಿದ್ದರು. ಅಪ್ಪಣೆಯ ಕಾಗದವನ್ನು ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿ ಕೊಟ್ಟು, "ಇಲ್ಲಿ ಈಗ ಏನ್ ಕೆಲ್ಸ ಮಾಡ್ತಿದ್ದೀಯಮ್ಮ?" ಎಂದರು.

ಏನೂ ಇಲ್ಲ ಮಾವ ಎಂದೆ. ಇದ್ದದ್ದನ್ನು ಹೇಳಿದೆ. ಶಿರಾದಲ್ಲಿ ಅತ್ತೆಯ ಜೊತೆ ಮನೆ ಮಾಡಿದ್ದೇವೆ, ಅಲ್ಲೊಂದು ಹೈಸ್ಕೂಲಿನಲ್ಲಿ ವಿಜ್ಞಾನಕ್ಕೆ ಟೀಚರು ಬೇಕಂತೆ, ಸೋಮವಾರದೊಳಗೆ ಹೇಳಬೇಕು. ಆದರೆ ಊರು ಸುತ್ತಿದ್ದು ಸಾಕು, ಇನ್ನು ಮನೆಯಲ್ಲಿರಲಿ ಎಂದು ಅತ್ತೆ ಹೇಳಿಬಿಟ್ಟಿದ್ದಾರೆ. ಇವರು ಅಮ್ಮನ ಎದುರಿಗೆ ಮಾತಾಡುವವರಲ್ಲ. ಹೇಳುತ್ತಾ ಹೇಳುತ್ತಾ ನನ್ನ ದನಿ ಅರ್ಜಿಯ ದನಿಗೆ ತಿರುಗಿದ್ದು ನನಗೇ ಕೇಳಿಸಿತು. "ಅತ್ತೆಗೆ ಹೆಂಗೆ ಹೇಳೋದು ಅಂತ ನೀವೇ ಎರಡು ಮಾತು ಹೇಳಿಕೊಡಿ ಮಾವ" ಎಂದೆ.

ಅವರು ಮೊಣಕೈ ಊರಿ ಅರ್ಧ ಎದ್ದರು. ಯೋಚನೆ ಮಾಡುವಾಗ ಬೆರಳುಗಳು ಕಂಬಳಿಯ ಮೇಲೆ ಆಡಿದವು. ಮೊದಲ ಸಾಲು ಬರುತ್ತದೆಂದು ನಾನು ಕಾದೆ.

"ಇದ್ಕೆ ಅರ್ಜಿ ಬ್ಯಾಡ ಕಣಮ್ಮ. ಸೋಮವಾರ ಬೆಳಿಗ್ಗೆ ಎದ್ದು, ತಲೆ ಬಾಚ್ಕಂಡು, ಸುಮ್ಕೆ ಕೆಲ್ಸಕ್ಕೆ ಹೋಗ್ಬುಡು."

ನರಸಪ್ಪನವರು ತೀರಿಕೊಂಡ ಸುದ್ದಿ ನನಗೆ ಬಂದದ್ದು ಮುಂದಿನ ತಿಂಗಳು, ಶಿರಾದ ಆ ಹೈಸ್ಕೂಲಿಗೆ, ಎಂಟನೇ ಕ್ಲಾಸಿನವರಿಗೆ ಎರಡನೇ ಪೀರಿಯಡ್ ತೆಗೆದುಕೊಳ್ಳುತ್ತಿದ್ದಾಗ. ಬೆಲ್ಲು ಹೊಡೆಯುವವರೆಗೂ ಪಾಠ ಮಾಡಿ, ಆಮೇಲೆ ಪುರವರಕ್ಕೆ ಹೊರಟೆ.